ಗುಂಯ್ ಎನ್ನುತ್ತಿರುವುದು ಯಾವುದು?

ಹೈದರಾಬಾದಿನಲ್ಲಿ ಕಾರು ಓಡಿಸುವವರಿಗೆ ಯು-ಟರ್ನ್ ತಪ್ಪಿದ್ದಲ್ಲ. ಸಂಚಾರಿ ಪೊಲೀಸರು ಎಷ್ಟೋ ಜಂಕ್ಷನ್‌ಗಳನ್ನು ಮುಚ್ಚಿ, ಬಲಕ್ಕೆ ಹೋಗಬೇಕಾದವರನ್ನು ಎಡಕ್ಕೆ ಕಳಿಸಿ, ಮುಂದೆಲ್ಲೋ ತಿರುಗಿಕೊಂಡು ಬರುವಂತೆ ಮಾಡಿದ್ದಾರೆ. ಹಾಗೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಅರ್ಧವೃತ್ತ ಹೊಡೆಯುವಾಗ ಕಾರಿನ ಕೆಳಗೆ ಏನು ನಡೆಯುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ 2.6 ಮೀಟರ್ ಅಂತರವಿರುವ ಮಧ್ಯಮ ಗಾತ್ರದ ಕಾರು. ಹಿಂದಿನ ಅಚ್ಚಿನ ನಡುಭಾಗ 4.5 ಮೀಟರ್ ತ್ರಿಜ್ಯದಲ್ಲಿ ಸುತ್ತಿದರೆ, ಪೈಥಾಗೊರಸನ ಪ್ರಮೇಯದಂತೆ ಮುಂದಿನ ಅಚ್ಚಿನ ನಡುಭಾಗ 5.2 ಮೀಟರ್ ತ್ರಿಜ್ಯದಲ್ಲಿ ಸುತ್ತಲೇಬೇಕು. ತಿರುವು ಮುಗಿಯುವಷ್ಟರಲ್ಲಿ ಹಿಂದಿನದು 14.1 ಮೀಟರ್ ಸಾಗಿದ್ದರೆ ಮುಂದಿನದು 16.3 ಮೀಟರ್ ಸಾಗಿರುತ್ತದೆ. ವ್ಯತ್ಯಾಸ 2.2 ಮೀಟರ್. ಇಂಥ ಕಾರಿನ ಟೈರಿನ ಸುತ್ತಳತೆ ಸುಮಾರು 2.1 ಮೀಟರ್. ಅಂದರೆ ಪ್ರತಿ ಯು-ಟರ್ನ್‌ಗೂ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಒಂದು ಪೂರ್ತಿ ಸುತ್ತು ಹೆಚ್ಚು ತಿರುಗಬೇಕು.

ಎಂಜಿನ್ ಎರಡೇ ಗಾಲಿಗಳನ್ನು ತಿರುಗಿಸುವ ಕಾರಿಗೆ ಈ ಒಂದು ಸುತ್ತಿನಿಂದ ತೊಂದರೆಯೇನಿಲ್ಲ. ಉಳಿದೆರಡು ಗಾಲಿಗಳು ತಮ್ಮ ಪಾಡಿಗೆ ತಾವು ಉರುಳುತ್ತವೆ. ನಾಲ್ಕೂ ಗಾಲಿಗಳಿಗೆ ಶಕ್ತಿ ಹೋಗುವ ಗಾಡಿಯಲ್ಲಿ ಮಾತ್ರ ಮುಂದಿನ ಅಚ್ಚು, ಹಿಂದಿನ ಅಚ್ಚು ಒಂದಕ್ಕೊಂದು ಗಂಟು ಬಿದ್ದಿರುತ್ತವೆ. ಹೆಚ್ಚಾದ ಆ ಒಂದು ಸುತ್ತು ಎಲ್ಲಿಗಾದರೂ ಹೋಗಬೇಕು. ಎಲ್ಲಿಗೂ ಹೋಗಲಾಗದಿದ್ದರೆ ಅದು ಸದ್ದಾಗುತ್ತದೆ.

1985ರ ಕೊನೆಯಲ್ಲಿ ಬಂದ ಮಾರುತಿ ಜಿಪ್ಸಿಯಲ್ಲಿ ಅದಕ್ಕೆ ಹೋಗಲು ಜಾಗವೇ ಇರಲಿಲ್ಲ. ಫೋರ್-ವ್ಹೀಲ್ ಲಿವರ್ ಎಳೆದರೆ ಎರಡೂ ಅಚ್ಚುಗಳು ಉಕ್ಕಿನ ಕೊಂಡಿಯಿಂದ ಕೂಡಿಕೊಳ್ಳುತ್ತಿದ್ದವು. ಕೆಸರಲ್ಲಿ, ಮರಳಲ್ಲಿ ಟೈರು ತುಸು ಜಾರಿ ಲೆಕ್ಕ ಸರಿಮಾಡುತ್ತಿತ್ತು. ಒಣ ಡಾಂಬರಿನ ಮೇಲೆ ಹಾಗೆಯೇ ತಿರುಗಿಸಿದರೆ ಶಾಫ್ಟುಗಳು ತಿರುಚಿಕೊಂಡು, ಕೊನೆಗೆ ಯಾವುದೋ ಒಂದು ಟೈರು ಕಿತ್ತುಕೊಂಡಂತೆ ಜಾರಿ 'ಢಕ್' ಎನ್ನುತ್ತಿತ್ತು. ಸದಾಕಾಲ ನಾಲ್ಕೂ ಗಾಲಿ ಎಳೆಯುವ ಗಾಡಿಗಳಲ್ಲಿ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇನ್ನೊಂದನ್ನು ಎರಡು ಅಚ್ಚುಗಳ ನಡುವೆ ಇಟ್ಟು ಈ ಸುತ್ತನ್ನು ಹಂಚುತ್ತಾರೆ. ಮೂರನೆಯ ಬಗೆಯೇ ಇಂದು ಹೆಚ್ಚು: ಸಾಮಾನ್ಯವಾಗಿ ಮುಂದಿನ ಗಾಲಿಗಳೇ ಎಳೆಯುತ್ತವೆ, ಅವು ಜಾರಿದಾಗ ಮಾತ್ರ ಹಿಂದಿನ ಡಿಫರೆನ್ಷಿಯಲ್ ಬಳಿಯ ತಟ್ಟೆ-ತಟ್ಟೆ ಕ್ಲಚ್ ಕಚ್ಚಿಕೊಂಡು ಹಿಂದಕ್ಕೂ ಶಕ್ತಿ ಕಳಿಸುತ್ತದೆ. 2014ರ ರೆನೋ ಡಸ್ಟರ್ ಆಲ್-ವ್ಹೀಲ್-ಡ್ರೈವ್‌ನಲ್ಲಿ ಈ ಕ್ಲಚ್ಚನ್ನು ವಿದ್ಯುತ್ಕಾಂತ ಕಚ್ಚಿಸುತ್ತದೆ. ಅದಕ್ಕೂ ಮೊದಲು ನಮ್ಮಲ್ಲಿ ಬಂದ ಹೊಂಡಾ ಸಿಆರ್-ವಿಯಲ್ಲಿ ಎರಡು ಪುಟ್ಟ ಎಣ್ಣೆ ಪಂಪುಗಳು ಆ ಕೆಲಸ ಮಾಡುತ್ತಿದ್ದವು. ಒಂದು ಪಂಪು ಮುಂದಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟಿನೊಡನೆ, ಇನ್ನೊಂದು ಹಿಂದಿನ ಗಾಲಿಗಳೊಡನೆ ತಿರುಗುತ್ತದೆ. ಎರಡರ ವೇಗ ಒಂದೇ ಇದ್ದರೆ ಒಂದು ಪಂಪು ಉಗುಳಿದ ಎಣ್ಣೆಯನ್ನು ಇನ್ನೊಂದು ನುಂಗಿಬಿಡುತ್ತದೆ, ಒತ್ತಡವೇ ಹುಟ್ಟುವುದಿಲ್ಲ. ಮುಂದಿನದು ವೇಗವಾದರೆ ಉಳಿದ ಎಣ್ಣೆ ಒತ್ತಡವಾಗಿ ಕ್ಲಚ್ ತಟ್ಟೆಗಳನ್ನು ಅದುಮುತ್ತದೆ. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ. ನನಗಂತೂ ಇದು ವಾಹನ ಎಂಜಿನಿಯರಿಂಗ್‌ನ ಅತ್ಯಂತ ಚೆಲುವಾದ ಉಪಾಯಗಳಲ್ಲಿ ಒಂದು ಅನಿಸುತ್ತದೆ.

ಆದರೆ ಪಂಪಿಗೆ ಗೊತ್ತಾಗುವುದು ವೇಗದ ವ್ಯತ್ಯಾಸ ಮಾತ್ರ. ಮುಂದಿನ ಗಾಲಿ ಕೆಸರಲ್ಲಿ ಜಾರಿತೋ, ಕಾರು ಯು-ಟರ್ನ್ ತೆಗೆದುಕೊಳ್ಳುತ್ತಿದೆಯೋ ಅದಕ್ಕೆ ತಿಳಿಯದು. ಹಾಗಾಗಿ ಬಿಗಿ ತಿರುವಿನಲ್ಲೆಲ್ಲ ಕ್ಲಚ್ ತಟ್ಟೆಗಳು ಅರೆಬರೆ ಕಚ್ಚಿಕೊಂಡು ಉಜ್ಜುತ್ತವೆ. ಎಣ್ಣೆ ಹೊಸದಿರುವಾಗ ಉಜ್ಜುವುದು ಗೊತ್ತೇ ಆಗುವುದಿಲ್ಲ. ಹಳೆಯದಾದಾಗ ಹಿಂದಿನ ಸೀಟಿನ ಅಡಿಯಿಂದ 'ಗೊರ್‌ರ್ ಗೊರ್‌ರ್' ಎಂಬ ನರಳಾಟ ಕೇಳಿಸುತ್ತದೆ.

ಕಾಚಿಗುಡದಲ್ಲಿ ನೆಲೆಸಿರುವ, ಬೀದರ್ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಹಳೆಯ ಆಲ್-ವ್ಹೀಲ್-ಡ್ರೈವ್ ಕಾರಿನಲ್ಲಿ ಈ ನರಳಾಟವಿತ್ತು. ಜೊತೆಗೆ ಇನ್ನೊಂದು ಸದ್ದೂ ಇತ್ತು. "ನಲವತ್ತು ದಾಟ್ತಂದ್ರ ಹಿಂದಿನಿಂದ ಗುಂಯ್ ಅಂತದ ನೋಡ್ರಿ. ಊರಿಗೆ ಹೋಗೋ ತನಕ ಅದನ್ನೇ ಕೇಳಬೇಕು," ಎಂದರು. ಎರಡೂ ಹಿಂದಿನಿಂದಲೇ ಬರುತ್ತಿದ್ದುದರಿಂದ ಒಂದು ಗ್ಯಾರೇಜಿನವರು ಹಿಂದಿನ ಡಿಫರೆನ್ಷಿಯಲ್ ಪೂರ್ತಿ ಬದಲಿಸಬೇಕು ಎಂದಿದ್ದರಂತೆ. ಹಳೆಯ ಗಾಡಿಗೆ ಅದು ಗಾಡಿಯ ಬೆಲೆಗೇ ಸರಿಸಾಟಿ ಖರ್ಚು. ಇಂಥ ಮಾತು ಕೇಳಿ ಎಷ್ಟೋ ಒಳ್ಳೆಯ ಗಾಡಿಗಳು ಗುಜರಿಗೆ ಹೋಗಿವೆ, ಅದು ನನ್ನನ್ನು ನಿಜವಾಗಿಯೂ ನೋಯಿಸುತ್ತದೆ. ಸ್ಪ್ಯಾನರ್ ಹಿಡಿಯುವ ಮೊದಲು ಸದ್ದನ್ನು ಅಳೆಯಬೇಕು. ಸದ್ದಿನಲ್ಲಿ ಒಂದು ಸಂಖ್ಯೆ ಇರುತ್ತದೆ. ಯಾವ ಭಾಗ ಕೆಟ್ಟಿದೆ ಎಂಬುದನ್ನು ಆ ಸಂಖ್ಯೆಯೇ ಹೇಳುತ್ತದೆ.

ಸಂಖ್ಯೆ ಬರುವುದು ಹೀಗೆ. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ 16.7 ಮೀಟರ್. ಟೈರಿನ ಸುತ್ತಳತೆ 2.1 ಮೀಟರ್ ಆದ್ದರಿಂದ ಗಾಲಿ ಸೆಕೆಂಡಿಗೆ ಸುಮಾರು 8 ಸುತ್ತು ಹೊಡೆಯುತ್ತದೆ, ಅಂದರೆ 8 ಹರ್ಟ್ಸ್. ಗಾಲಿಯಲ್ಲಿ ಎಲ್ಲೋ ಒಂದು ಕಡೆ ಉಬ್ಬಿದ್ದರೆ, ತೂಕ ಸಮನಾಗಿಲ್ಲದಿದ್ದರೆ ಸೆಕೆಂಡಿಗೆ 8 ಬಾರಿ ಅದುರುತ್ತದೆ. ಇದು ಕಿವಿಗೆ ಕೇಳುವುದಿಲ್ಲ, ಸೀಟಿಗೂ ಸ್ಟಿಯರಿಂಗ್‌ಗೂ ತಿಳಿಯುತ್ತದೆ. ಡಿಫರೆನ್ಷಿಯಲ್ ಒಳಗಿನ ದೊಡ್ಡ ಹಲ್ಲುಚಕ್ರ ಕ್ರೌನ್ ವ್ಹೀಲ್‌ಗೆ 41 ಹಲ್ಲು, ಅದನ್ನು ತಿರುಗಿಸುವ ಪುಟ್ಟ ಹಲ್ಲುಚಕ್ರ ಪಿನಿಯನ್‌ಗೆ 10 ಹಲ್ಲು ಎಂದುಕೊಂಡರೆ ಪ್ರೊಪೆಲ್ಲರ್ ಶಾಫ್ಟ್ ಗಾಲಿಗಿಂತ 4.1 ಪಟ್ಟು ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 32 ಸುತ್ತು ತಿರುಗುತ್ತದೆ. ಆ ಶಾಫ್ಟಿನ ತುದಿಯ ಕ್ರಾಸ್ (ಬಾಗಿ ತಿರುಗಬಲ್ಲ ಕೀಲು) ಸವೆದಿದ್ದರೆ ಪ್ರತಿ ಸುತ್ತಿಗೆ ಎರಡು ಸಲ ಕುಲುಕುತ್ತದೆ: 65 ಹರ್ಟ್ಸ್. ಇನ್ನು ಕ್ರೌನ್ ವ್ಹೀಲಿನ 41 ಹಲ್ಲುಗಳು ಸೆಕೆಂಡಿಗೆ 8 ಸುತ್ತಿನಂತೆ ಪಿನಿಯನ್ನಿಗೆ ತಾಕುವುದರಿಂದ ಅದರ ಕೊರಗು 325 ಹರ್ಟ್ಸ್ ಹತ್ತಿರ ಬರುತ್ತದೆ. ಹಾರ್ಮೋನಿಯಂ ಬಲ್ಲವರಿಗೆ ಹೇಳುವುದಾದರೆ ನಡುಸಪ್ತಕದ ಬಿಳಿ ಮೂರಕ್ಕಿಂತ ಕೂದಲೆಳೆಯಷ್ಟು ಕೆಳಗೆ.

ಕಿವಿಗೆ ಶ್ರುತಿಜ್ಞಾನ ಇದ್ದವರಿಗೆ ಇನ್ನೊಂದು ಪರೀಕ್ಷೆ ಇದೆ. ವೇಗವನ್ನು 40ರಿಂದ 60ಕ್ಕೆ ಏರಿಸಿದರೆ ಅನುಪಾತ 2ಕ್ಕೆ 3. ಷಡ್ಜಕ್ಕೂ ಪಂಚಮಕ್ಕೂ ಇರುವ ಅನುಪಾತವೂ ಇದೇ. ಸದ್ದು ಗಾಲಿಗೆ ಕಟ್ಟುಬಿದ್ದಿದ್ದರೆ, 40ರಲ್ಲಿ ಕೇಳಿದ ಸದ್ದನ್ನು ಸಾ ಎಂದು ಹಿಡಿದರೆ 60ರಲ್ಲಿ ಅದು ಪಾ ಮುಟ್ಟಲೇಬೇಕು. ಸ್ವರ ಬದಲಾಗದೆ ಗಟ್ಟಿ ಮಾತ್ರ ಆಯಿತೆಂದರೆ, ಆ ಸ್ವರವನ್ನು ಹಾಡುತ್ತಿರುವುದು ಕಾರಿನ ತಗಡೋ ಸೈಲೆನ್ಸರಿನ ಕೊಳವೆಯೋ ಇರಬೇಕು. ತಿರುಗುವ ಭಾಗ ಅದನ್ನು ತಟ್ಟಿ ಎಬ್ಬಿಸುತ್ತಿದೆ ಅಷ್ಟೆ. ಟಾಪ್ ಗಿಯರಿನಲ್ಲೇ ಇದ್ದರೆ ಎಂಜಿನ್ನಿನ ಸದ್ದೂ ಇದೇ ಅನುಪಾತದಲ್ಲಿ ಏರುತ್ತದೆ. ಆದ್ದರಿಂದ ಖಾಲಿ ರಸ್ತೆಯಲ್ಲಿ ಒಮ್ಮೆ ನ್ಯೂಟ್ರಲ್‌ಗೆ ಹಾಕಿ ಉರುಳಲು ಬಿಡಬೇಕು. ಎಂಜಿನ್ ಐಡ್ಲಿಂಗ್‌ಗೆ ಇಳಿದರೂ ಗುಂಯ್ ಸದ್ದು ಮುಂದುವರಿದರೆ ಎಂಜಿನ್, ಕ್ಲಚ್ ಎರಡೂ ನಿರಪರಾಧಿಗಳು. ಆಕ್ಸಲರೇಟರ್ ಒತ್ತಿದಾಗ ಒಂದು ತರಹ, ಬಿಟ್ಟಾಗ ಇನ್ನೊಂದು ತರಹ ಕೇಳಿದರೆ ಕ್ರೌನ್-ಪಿನಿಯನ್ ಮೇಲೆ ಅನುಮಾನ ಪಡಬೇಕು, ಏಕೆಂದರೆ ಒತ್ತಿದಾಗ ಹಲ್ಲಿನ ಒಂದು ಮುಖವೂ ಬಿಟ್ಟಾಗ ಇನ್ನೊಂದು ಮುಖವೂ ಭಾರ ಹೊರುತ್ತದೆ.

ಕಿವಿ ಮೋಸ ಹೋಗುವುದು ಸದ್ದಿನ ಜಾಗದ ವಿಷಯದಲ್ಲಿ. ಕಾರಿನ ಮೈ ಒಂದೇ ಉಕ್ಕಿನ ಪೆಟ್ಟಿಗೆ. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5 ಕಿ.ಮೀ. ಓಡುತ್ತದೆ, ಗಾಳಿಗಿಂತ ಹದಿನೈದು ಪಟ್ಟು ವೇಗ. ಎಡಗಾಲಿಯ ಅದುರು ಸಸ್ಪೆನ್ಷನ್ ತೋಳು ಹಿಡಿದು ಕ್ರಾಸ್ ಮೆಂಬರ್‌ಗೆ ಹೋಗಿ, ಅಲ್ಲಿಂದ ನೆಲದ ತಗಡಿಗೆ ಹರಡಿ, ಕೊನೆಗೆ ಬಲಗಡೆಯ ಡಿಕ್ಕಿ ಮೂಲೆಯಲ್ಲಿ ಜೋರಾಗಿ ಕೇಳಬಹುದು. ಹಾಗಾಗಿಯೇ 'ಎಲ್ಲಿಂದ ಬರುತ್ತಿದೆ' ಎಂಬ ಪ್ರಶ್ನೆಗಿಂತ 'ಸೆಕೆಂಡಿಗೆ ಎಷ್ಟು ಸಲ' ಎಂಬ ಪ್ರಶ್ನೆಯ ಉತ್ತರವನ್ನು ಹೆಚ್ಚು ನಂಬಬಹುದು.

ಮೇಷ್ಟ್ರ ಕಾರನ್ನು ಮೆಹದಿಪಟ್ಣಂನಿಂದ ಆರಾಂಘರ್‌ವರೆಗಿನ ಪಿ.ವಿ. ನರಸಿಂಹ ರಾವ್ ಎಕ್ಸ್‌ಪ್ರೆಸ್‌ವೇ ಮೇಲೆ ಬೆಳಗಿನ ಜಾವ ಓಡಿಸಿದೆವು. 11.6 ಕಿ.ಮೀ. ಉದ್ದದ ಆ ಮೇಲ್ಸೇತುವೆಯಲ್ಲಿ ಸಿಗ್ನಲ್ ಇಲ್ಲ, ಸ್ಪೀಡ್ ಬ್ರೇಕರ್ ಇಲ್ಲ. ಒಂದೇ ವೇಗ ಹಿಡಿಯಲು ಅನುಕೂಲ. ಅಳೆಯಲು ಬಳಸಿದ್ದು ಜರ್ಮನಿಯ ಆಕೆನ್ ವಿಶ್ವವಿದ್ಯಾಲಯದವರು ಉಚಿತವಾಗಿ ಕೊಡುವ ಫೈಫಾಕ್ಸ್ ಎಂಬ ಮೊಬೈಲ್ ಆಪ್. ಫೋನಿನ ಮೈಕ್ ಕೇಳಿದ ಸದ್ದನ್ನು ಅದು ಆವೃತ್ತಿಗಳಾಗಿ ಒಡೆದು ಗ್ರಾಫ್ ಮಾಡುತ್ತದೆ. ಎಂಥ ಗೋಜಲಿನ ಅಲೆಯನ್ನಾದರೂ ಸರಳ ಅಲೆಗಳ ಮೊತ್ತವಾಗಿ ಬಿಡಿಸಬಹುದೆಂದು ಫ್ರಾನ್ಸ್‌ನ ಜೋಸೆಫ್ ಫೂರಿಯೇ 1822ರ ತನ್ನ ಗ್ರಂಥದಲ್ಲಿ ತೋರಿಸಿದ್ದ, ಶಾಖ ಹೇಗೆ ಹರಿಯುತ್ತದೆ ಎಂದು ವಿವರಿಸುವ ಯತ್ನದಲ್ಲಿ. ಅದೇ ಗಣಿತ ಈಗ ಜೇಬಿನಲ್ಲಿದೆ. ಒಂದು ಎಚ್ಚರಿಕೆ: ಎರಡು ಹತ್ತಿರದ ಆವೃತ್ತಿಗಳನ್ನು ಬೇರ್ಪಡಿಸಬೇಕಾದರೆ ಸಾಕಷ್ಟು ಹೊತ್ತು ಕೇಳಬೇಕು. ಒಂದು ಸೆಕೆಂಡ್ ದಾಖಲಿಸಿದರೆ 1 ಹರ್ಟ್ಸ್ ವ್ಯತ್ಯಾಸ ಕಾಣುತ್ತದೆ, ಕಾಲು ಸೆಕೆಂಡಿನಲ್ಲಿ 4 ಹರ್ಟ್ಸ್‌ಗಿಂತ ಸೂಕ್ಷ್ಮವಾದದ್ದು ಕಾಣದು. ಆ ಹೊತ್ತಿನಲ್ಲಿ ವೇಗ ಅಲುಗಾಡಲೂ ಬಾರದು. ಇನ್ನು ತೀರಾ ತಗ್ಗಿನ ಸದ್ದು ಫೋನಿನ ಮೈಕಿಗೆ ಸರಿಯಾಗಿ ಕೇಳುವುದಿಲ್ಲ. ಆಗ ಫೋನನ್ನು ಗಾಲಿಯ ಮೇಲ್ಭಾಗದ ತಗಡಿಗೆ ಒತ್ತಿಟ್ಟು ಅದರೊಳಗಿನ ಆಕ್ಸೆಲೆರೋಮೀಟರ್‌ನಿಂದ ಅದುರುವಿಕೆಯನ್ನೇ ಅಳೆಯಬೇಕು.

60ರ ವೇಗದಲ್ಲಿ 325ರ ಬಳಿ ಗ್ರಾಫಿನಲ್ಲಿ ಹೇಳಿಕೊಳ್ಳುವಂಥ ಮೊನೆ ಇರಲಿಲ್ಲ. ಆಕ್ಸಲರೇಟರ್ ಒತ್ತಿದರೂ ಬಿಟ್ಟರೂ ಗುಂಯ್ ಒಂದೇ ಸಮ. ಕ್ರೌನ್-ಪಿನಿಯನ್ ಮೇಲಿನ ಆರೋಪ ಅಲ್ಲಿಗೆ ಬಿದ್ದುಹೋಯಿತು. ಹಿಂದಿನ ಎಡಗಾಲಿಯ ಮೇಲೆ ಫೋನ್ ಇಟ್ಟಾಗ 42 ಹರ್ಟ್ಸ್ ಹತ್ತಿರ ಒಂದು ಮೊನೆ ಎದ್ದು ನಿಂತಿತು. ಬಲಗಡೆ ಅದು ತೀರಾ ಗಿಡ್ಡ. ಗಾಲಿಯ 8ಕ್ಕೂ ಈ 42ಕ್ಕೂ ಏನು ನಂಟು?

ಬಾಲ್ ಬೇರಿಂಗಿನ ರೇಖಾಗಣಿತದಲ್ಲಿ ಉತ್ತರವಿದೆ. ಒಳ ಉಂಗುರ, ಹೊರ ಉಂಗುರ, ನಡುವೆ ಗುಂಡುಗಳು. ಒಂದು ಉಂಗುರ ತಿರುಗುತ್ತದೆ, ಇನ್ನೊಂದು ನಿಂತಿರುತ್ತದೆ. ಒಳ ಉಂಗುರ ತಿರುಗುತ್ತಿದ್ದರೆ ಗುಂಡುಗಳು ಉರುಳುತ್ತ ಅದರ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ಸುತ್ತು ಬರುತ್ತವೆ. ಇಂಥ ಬೇರಿಂಗಿನಲ್ಲಿ, ನಿಂತಿರುವ ಹೊರ ಉಂಗುರದ ಯಾವುದೇ ಒಂದು ಬಿಂದುವಿನ ಮೇಲೆ ಒಂದು ಸುತ್ತಿಗೆ ಹಾದುಹೋಗುವ ಗುಂಡುಗಳು ಒಟ್ಟು ಗುಂಡುಗಳ ಸುಮಾರು ಶೇ. 40. ಒಳ ಉಂಗುರದ ಬಿಂದುವಿನ ಮೇಲೆ ಶೇ. 60. ಸಾಲಿಗೆ 13 ಗುಂಡುಗಳಿದ್ದರೆ ಹೊರ ಉಂಗುರದ ಗಾಯ ಪ್ರತಿ ಸುತ್ತಿಗೆ ಐದು ಸಲಕ್ಕೂ ತುಸು ಹೆಚ್ಚು ತಟ್ಟುತ್ತದೆ. 8 ಸುತ್ತಿಗೆ ಸುಮಾರು 42. ಒಳ ಉಂಗುರದಲ್ಲಿ ಗಾಯವಿದ್ದಿದ್ದರೆ 62 ಬರುತ್ತಿತ್ತು. ಇದು ಪ್ರೊಪೆಲ್ಲರ್ ಶಾಫ್ಟಿನ 65ಕ್ಕೆ ತೀರಾ ಹತ್ತಿರವಾದ್ದರಿಂದ ಅಲ್ಲಿ ಇನ್ನೂ ಜಾಗ್ರತೆಯಿಂದ ಅಳೆಯಬೇಕಾಗುತ್ತಿತ್ತು.

ಅಲ್ಲಿಂದ ವಿಜಯವಾಡ ಹೆದ್ದಾರಿಯ ಮೇಲಿನ ವನಸ್ಥಲಿಪುರಂ ಆಟೋನಗರಕ್ಕೆ. ಅಲ್ಲಿನ ಉಸ್ತಾದರು ಗ್ರಾಫ್ ನೋಡಿ ತಲೆಯಾಡಿಸಿದರು, ಆದರೆ ತಮ್ಮ ರೀತಿಯಲ್ಲೇ ಪರೀಕ್ಷಿಸಿದರು. ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿ, ಹಿಂದಿನ ಕಾಯಿಲ್ ಸ್ಪ್ರಿಂಗನ್ನು ಎಡಗೈ ಬೆರಳುಗಳಿಂದ ಮೆಲ್ಲಗೆ ಹಿಡಿದು, ಬಲಗೈಯಿಂದ ಗಾಲಿ ತಿರುಗಿಸಿದರು. ನನ್ನ ಬೆರಳನ್ನೂ ಅಲ್ಲಿ ಇಡಿಸಿದರು. ಬಲಗಡೆಯ ಸ್ಪ್ರಿಂಗಿನಲ್ಲಿ ಏನೂ ತಿಳಿಯಲಿಲ್ಲ. ಎಡಗಡೆಯ ಸ್ಪ್ರಿಂಗಿನಲ್ಲಿ ಸಣ್ಣ ಮರಳು ಉರುಳಿದಂಥ ತರಿತರಿ. ಕಿವಿಗೆ ಕೇಳದ ಆ ತರಿಯನ್ನು ಸ್ಪ್ರಿಂಗಿನ ಉಕ್ಕು ನೇರ ಬೆರಳಿಗೆ ತಂದುಕೊಡುತ್ತದೆ. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹಬ್ ಮೇಲಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಕೇಳಿದರು. ಫೋನು ಹೇಳಿದ್ದನ್ನೇ ಅವರ ಕೈ ಒಂದೆರಡು ನಿಮಿಷದಲ್ಲಿ ಹೇಳಿತು. ಇಂಥ ಕೈಗಳು ನಮ್ಮ ಊರುಗಳ ದೊಡ್ಡ ಆಸ್ತಿ. ಅವರ ತಿಳಿವಳಿಕೆ ಯಾವ ಪಠ್ಯಪುಸ್ತಕಕ್ಕೂ ಸೇರದೆ ಹೋಗುತ್ತಿರುವುದು ನನಗೆ ಬೇಸರದ ಸಂಗತಿ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಆಲ್-ವ್ಹೀಲ್-ಡ್ರೈವ್ ಗಾಡಿಯ ಎರಡೇ ಗಾಲಿಗಳನ್ನು ಜಾಕಿಯಿಂದ ಎತ್ತಿ, ಎಂಜಿನ್ ಚಾಲೂ ಮಾಡಿ ಗಿಯರ್ ಹಾಕಬಾರದು. ಗಾಳಿಯಲ್ಲಿರುವ ಗಾಲಿ ತಿರುಗಿದೊಡನೆ ಕ್ಲಚ್ ಅದನ್ನು ಜಾರುವಿಕೆ ಎಂದು ತಿಳಿದು ನೆಲದ ಮೇಲಿರುವ ಗಾಲಿಗಳಿಗೆ ಶಕ್ತಿ ಕಳಿಸುತ್ತದೆ. ಗಾಡಿ ಜಾಕಿಯಿಂದ ಹಾರಿ ಮುಂದೆ ನುಗ್ಗುತ್ತದೆ. ಎತ್ತುವುದಾದರೆ ನಾಲ್ಕನ್ನೂ ಎತ್ತಬೇಕು, ಇಲ್ಲದಿದ್ದರೆ ನ್ಯೂಟ್ರಲ್‌ನಲ್ಲಿಟ್ಟು ಕೈಯಿಂದಲೇ ತಿರುಗಿಸಬೇಕು.

ಬೇರಿಂಗ್ ಯಾಕೆ ಸವೆಯಿತು? 2020ರ ಅಕ್ಟೋಬರ್ 13ರಂದು ಹೈದರಾಬಾದಿನಲ್ಲಿ ಸುರಿದ ಮಳೆಯನ್ನು ಇಲ್ಲಿಯವರು ಮರೆತಿಲ್ಲ. ಕೆಲವು ಕಡೆ ಒಂದೇ ದಿನಕ್ಕೆ 30 ಸೆಂ.ಮೀ. ಮೀರಿತು, ಕೆರೆಗಳು ಒಡೆದವು, ಎಷ್ಟೋ ಬಡಾವಣೆಗಳಲ್ಲಿ ಕಾರುಗಳು ಬಾನೆಟ್ ಮಟ್ಟ ಮುಳುಗಿ ನಿಂತವು. ಮೇಷ್ಟ್ರ ಗಾಡಿಯೂ ಆ ರಾತ್ರಿ ಹೊರಗಿನಿಂದ ಬಂದು ಗಾಲಿಮಟ್ಟದ ನೀರಿನಲ್ಲಿ ನಿಂತಿತ್ತು. ಓಡಿಬಂದ ಡಿಫರೆನ್ಷಿಯಲ್ ಒಳಗಿನ ಗಾಳಿ ಕಾದಿರುತ್ತದೆ. 80 ಡಿಗ್ರಿಯಿಂದ 30ಕ್ಕೆ ಒಮ್ಮೆಲೇ ತಣಿದರೆ ಆ ಗಾಳಿಯ ಗಾತ್ರ ಶೇ. 14ರಷ್ಟು ಕುಗ್ಗುತ್ತದೆ. ಕುಗ್ಗಿದ ಜಾಗ ತುಂಬಲು ಹೊರಗಿನಿಂದ ಏನಾದರೂ ಬರಬೇಕು. ಗಾಳಿಯಾಡಲು ಬಿಟ್ಟ ಬ್ರೀದರ್ ತೂತೂ ಸೀಲಿನ ಅಂಚೂ ನೀರಿನಲ್ಲಿ ಮುಳುಗಿದ್ದರೆ ನೀರೇ ಬರುತ್ತದೆ. ಗಾಲಿಯ ಬೇರಿಂಗಿಗೂ ಇದೇ ಗತಿ. ಬೇರಿಂಗಿನ ಎಣ್ಣೆ-ಗ್ರೀಸಿನಲ್ಲಿ ಸಾವಿರಕ್ಕೆ ಒಂದು ಪಾಲು ನೀರಿದ್ದರೂ ಸಾಕು, ಅದರ ಆಯುಷ್ಯ ಕುಸಿಯುತ್ತದೆ.

ಕುಸಿಯುವುದು ನಿಧಾನವಾಗಿ, ಅದೂ ಒಳಗಿನಿಂದ. ಗುಂಡು ಉಂಗುರಕ್ಕೆ ತಾಗುವ ಜಾಗ ಒಂದು ಚುಕ್ಕಿಯಷ್ಟು ಮಾತ್ರ. ಅಲ್ಲಿನ ಒತ್ತಡ ವಾಯುಮಂಡಲದ ಒತ್ತಡದ ಹತ್ತು ಸಾವಿರ ಪಟ್ಟನ್ನೂ ದಾಟುತ್ತದೆ. ಈ ಒತ್ತಡವನ್ನು ಲೆಕ್ಕ ಹಾಕುವ ಬಗೆಯನ್ನು 1880ರ ದಶಕದ ಆರಂಭದಲ್ಲಿ ಕೊಟ್ಟವನು ಹೈನ್ರಿಕ್ ಹರ್ಟ್ಸ್, ಆಗ ಅವನಿಗೆ ಇಪ್ಪತ್ತೈದರ ಆಸುಪಾಸು. ಮುಂದೆ ರೇಡಿಯೋ ಅಲೆಗಳನ್ನು ಪ್ರಯೋಗದಿಂದ ತೋರಿಸಿದವನೂ ಆತನೇ. ನಾವು ಈವರೆಗೆ ಎಣಿಸುತ್ತಿದ್ದ ಹರ್ಟ್ಸ್ ಅವನ ಹೆಸರಿನದೇ. ಅವನ ಲೆಕ್ಕವನ್ನು ಮುಂದುವರಿಸಿದರೆ ತಿಳಿಯುವುದೇನೆಂದರೆ, ಉಕ್ಕನ್ನು ಕತ್ತರಿಸುವಂಥ ಬಲ ಅತಿ ಹೆಚ್ಚಿರುವುದು ಮೇಲ್ಮೈಯಲ್ಲಿ ಅಲ್ಲ, ಮಿಲಿಮೀಟರಿನ ಒಂದು ಸಣ್ಣ ಪಾಲಿನಷ್ಟು ಒಳಗೆ. ಬಿರುಕು ಅಲ್ಲಿ ಹುಟ್ಟಿ, ಕೋಟ್ಯಂತರ ಸಲ ತುಳಿಸಿಕೊಂಡು ಮೇಲಕ್ಕೆ ಬಂದು, ಒಂದು ದಿನ ಪದರಾಗಿ ಏಳುತ್ತದೆ. ಎಣ್ಣೆಯ ಪೊರೆ ತೆಳುವಾಗಿದ್ದರೆ, ತುಕ್ಕಿನ ಕಣವಿದ್ದರೆ ಮೇಲ್ಮೈಯಿಂದಲೂ ಬಿರುಕು ಶುರುವಾಗುತ್ತದೆ, ಬೇಗನೆ.

ಹೊಸ ಬೇರಿಂಗ್ ಹುಡುಕಲು ಹೈದರಾಬಾದಿನಲ್ಲಿ ಹೋಗುವ ಜಾಗ ಸಿಕಂದರಾಬಾದಿನ ರಾಣಿಗಂಜ್. ಹಳೆಯದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಉಂಗುರದ ಅಂಚಿನಲ್ಲಿ ಕೊರೆದ ಸಂಖ್ಯೆಯನ್ನು ಅಂಗಡಿಯವರಿಗೆ ಓದಿ ಹೇಳಬೇಕು. ಪ್ರೊಪೆಲ್ಲರ್ ಶಾಫ್ಟಿನ ಸೆಂಟರ್ ಬೇರಿಂಗಿನಂಥ ಸಾದಾ ಬೇರಿಂಗುಗಳಲ್ಲಿ ಆ ಸಂಖ್ಯೆಗೆ ಅರ್ಥವಿದೆ. 6206 ಎಂದಿದ್ದರೆ ಮೊದಲ 6 ಆಳವಾದ ತೋಡಿನ ಬಾಲ್ ಬೇರಿಂಗ್ ಎಂಬುದನ್ನೂ, 2 ಅದರ ಸರಣಿಯನ್ನೂ ಹೇಳುತ್ತದೆ. ಕೊನೆಯ 06ನ್ನು ಐದರಿಂದ ಗುಣಿಸಿದರೆ ಒಳತೂತಿನ ವ್ಯಾಸ, 30 ಮಿ.ಮೀ. ಪ್ರಪಂಚದ ಯಾವ ಮೂಲೆಯಲ್ಲಿ ಮಾಡಿದ್ದಾದರೂ 6206ರ ಅಳತೆ ಒಂದೇ. ಈ ನಗರಕ್ಕೆ ಬೇರಿಂಗ್ ಹೊಸದೇನಲ್ಲ. ಮೌಲಾಲಿಯಲ್ಲಿ ಇಂಡೋ-ನಿಪ್ಪಾನ್ ಪ್ರಿಸಿಷನ್ ಬೇರಿಂಗ್ಸ್ ಎಂಬ ಕಾರ್ಖಾನೆ ಇತ್ತು. 1981ರಲ್ಲಿ ಬೆಂಗಳೂರಿನ ಎಚ್‌ಎಂಟಿ ಅದನ್ನು ವಹಿಸಿಕೊಂಡು ಎಚ್‌ಎಂಟಿ ಬೇರಿಂಗ್ಸ್ ಎಂದು ನಡೆಸಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಜೊತೆಗೇ ಇದನ್ನೂ ಮುಚ್ಚಲು ಒಪ್ಪಿಗೆ ಕೊಟ್ಟಿತು. ಗಡಿಯಾರ ನಿಂತಾಗ ಕನ್ನಡ ನಾಡು ತುಂಬ ಮರುಗಿತು. ಬೇರಿಂಗಿಗಾಗಿ ಮರುಗಿದವರು ಕಡಿಮೆ, ಆದರೆ ಲಕ್ಷಾಂತರ ಯಂತ್ರಗಳೊಳಗೆ ಉರುಳಿದ ಆ ಗುಂಡುಗಳಿಗೂ ಅಷ್ಟೇ ಗೌರವ ಸಲ್ಲಬೇಕು.

ಬೇರಿಂಗ್ ಕೂರಿಸುವಾಗಲೇ ಅದು ಕೆಡುವುದುಂಟು. ಹೌಸಿಂಗ್ ಒಳಗೆ ಒತ್ತುವಾಗ ಪ್ರೆಸ್ಸಿನ ಬಲ ಹೊರ ಉಂಗುರದ ಮೇಲೆ ಬೀಳಬೇಕು; ಶಾಫ್ಟಿನ ಮೇಲೆ ಏರಿಸುವಾಗ ಒಳ ಉಂಗುರದ ಮೇಲೆ. ಅದಲುಬದಲಾದರೆ ಟನ್ನುಗಟ್ಟಲೆ ಬಲ ಗುಂಡುಗಳ ಮೂಲಕವೇ ಹಾದುಹೋಗಿ ಉಂಗುರದಲ್ಲಿ ಸಾಲಾಗಿ ಸಣ್ಣ ಕುಳಿಗಳನ್ನು ಒತ್ತಿಬಿಡುತ್ತದೆ. ಸುತ್ತಿಗೆಯಿಂದ ಬಡಿದು ಕೂರಿಸಿದ ಹೊಸ ಬೇರಿಂಗ್ ಕೆಲವೇ ತಿಂಗಳಲ್ಲಿ ಮತ್ತೆ ಗುಂಯ್‌ಗುಡುವುದು ಇದರಿಂದಲೇ. ಆಕ್ಸಲ್ ನಟ್ಟನ್ನು ಟಾರ್ಕ್ ವ್ರೆಂಚಿನಿಂದ ಹೇಳಿದಷ್ಟು ಬಿಗಿ ಮಾಡುವ ಮೊದಲು ಗಾಡಿಯ ಭಾರವನ್ನು ಆ ಗಾಲಿಯ ಮೇಲೆ ಇಳಿಸಲೂ ಬಾರದು. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವುದಿದ್ದರೆ ಫ್ಲೇಂಜುಗಳಿಗೂ ಸ್ಪ್ಲೈನಿಗೂ ಬಿಳಿ ಪೇಂಟಿನಿಂದ ಗುರುತು ಹಾಕಿಕೊಳ್ಳಬೇಕು. ಬಾಗಿದ ಕ್ರಾಸ್ ತನ್ನಿಂದ ಮುಂದಿನ ಶಾಫ್ಟನ್ನು ಒಂದೇ ವೇಗದಲ್ಲಿ ತಿರುಗಿಸುವುದಿಲ್ಲ. 10 ಡಿಗ್ರಿ ಬಾಗಿದ್ದರೆ ಪ್ರತಿ ಸುತ್ತಿನಲ್ಲೂ ಎರಡು ಸಲ ಶೇ. 1.5ರಷ್ಟು ಮುಂದೆ ಓಡಿ, ಎರಡು ಸಲ ಅಷ್ಟೇ ಹಿಂದೆ ಬೀಳುತ್ತದೆ. ಎರಡನೆಯ ಕ್ರಾಸ್ ಸರಿಯಾದ ಕೋನದಲ್ಲಿದ್ದರೆ ಇದನ್ನು ಅಳಿಸಿಹಾಕುತ್ತದೆ. ಗುರುತು ತಪ್ಪಿ ಜೋಡಿಸಿದರೆ ಒಂದರ ತಪ್ಪಿಗೆ ಇನ್ನೊಂದರ ತಪ್ಪು ಕೂಡಿಕೊಂಡು, ರಿಪೇರಿಗೆ ಮುಂಚೆ ಇಲ್ಲದಿದ್ದ ಅದುರು ಶುರುವಾಗುತ್ತದೆ.

ಉಳಿದದ್ದು ಯು-ಟರ್ನ್‌ನ ನರಳಾಟ. ಅದರ ಭೌತವಿಜ್ಞಾನ ಬೇರಿಂಗಿಗಿಂತ ಸೊಗಸಾಗಿದೆ. ಎರಡು ಮೈಗಳು ಜಾರುವಾಗಿನ ಘರ್ಷಣೆ ವೇಗ ಹೆಚ್ಚಿದಂತೆ ಕಡಿಮೆಯಾಗುತ್ತಿದ್ದರೆ ಜಾರುವಿಕೆ ಸರಾಗವಾಗಿರುವುದಿಲ್ಲ. ತಟ್ಟೆಗಳು ಕಚ್ಚಿಕೊಳ್ಳುತ್ತವೆ, ಶಾಫ್ಟ್ ತಿರುಚಿಕೊಳ್ಳುತ್ತದೆ, ತಡೆಯಲಾರದೆ ಜಾರುತ್ತವೆ, ಜಾರಿದೊಡನೆ ಘರ್ಷಣೆ ಇನ್ನೂ ಇಳಿದು ಹೆಚ್ಚೇ ಜಾರಿ, ಮತ್ತೆ ನಿಂತು ಕಚ್ಚಿಕೊಳ್ಳುತ್ತವೆ. ಸೆಕೆಂಡಿಗೆ ಹತ್ತಾರು ಸಲ ಹೀಗಾದರೆ ಗೊರ್‌ಗೊರ್. ಎಣ್ಣೆ ಹಾಕದ ಎತ್ತಿನ ಬಂಡಿಯ ಅಚ್ಚು ಕಿರುಗುಟ್ಟುವುದೂ ಇದರಿಂದಲೇ. ಬಂಡಿಯವರು ಅದಕ್ಕೆ ಹಾಕುತ್ತಿದ್ದುದು ಹರಳೆಣ್ಣೆಯಿಂದ ಮಾಡಿದ ಕೀಲೆಣ್ಣೆ. ಹರಳೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಶೇ. 85ಕ್ಕೂ ಹೆಚ್ಚು ಪಾಲು ರಿಸಿನೋಲಿಕ್ ಆಮ್ಲದ್ದು. ಅದರ ಅಣುವಿನ ಒಂದು ತುದಿ ಲೋಹಕ್ಕೆ ಅಂಟುತ್ತದೆ, ಉದ್ದನೆಯ ಬಾಲ ಹೊರಗೆ ಚಾಚುತ್ತದೆ. ಎರಡು ಲೋಹಗಳ ನಡುವೆ ಬಾಲಗಳ ಹಾಸು ಬೀಳುತ್ತದೆ. ನಿಧಾನಗತಿಯಲ್ಲೂ ಘರ್ಷಣೆ ಏರದಂತೆ ತಡೆಯುವುದು ಈ ಹಾಸು. ಇಂದಿನ ಕ್ಲಚ್ ಎಣ್ಣೆಯಲ್ಲಿ ಬೆರೆಸುವ ಘರ್ಷಣೆ-ಮಾರ್ಪಾಟಿನ ರಾಸಾಯನಿಕಗಳೂ ಇದೇ ಬಗೆಯ ಅಣುಗಳು: ಒಂದು ತುದಿ ಅಂಟು, ಒಂದು ತುದಿ ಬಾಲ. ಕ್ಯಾಸ್ಟ್ರಾಲ್ ಎಂಬ ಎಣ್ಣೆಗೆ 1909ರಲ್ಲಿ ಆ ಹೆಸರು ಬಂದದ್ದೂ ಹರಳೆಣ್ಣೆಯಿಂದ. ಆ ಹರಳಿನ ತಳಿಗಳ ಮೇಲೆ ದೇಶದ ಮುಖ್ಯ ಸಂಶೋಧನೆ ನಡೆಯುವುದು ಇದೇ ಹೈದರಾಬಾದಿನ ರಾಜೇಂದ್ರನಗರದ ಎಣ್ಣೆಕಾಳು ಸಂಶೋಧನಾ ಸಂಸ್ಥೆಯಲ್ಲಿ.

ಬಿಸಿಗೆ ಈ ಅಣುಗಳು ಒಡೆದುಹೋಗುತ್ತವೆ. ಮೇಷ್ಟ್ರ ಕಾರಿನ ಕ್ಲಚ್ಚಿಗೆ ಬಿಸಿ ಬಂದದ್ದು ಯು-ಟರ್ನ್‌ನಿಂದ ಮಾತ್ರವಲ್ಲ ಎಂಬುದು ಗೊತ್ತಾದದ್ದು ಟೈರುಗಳಿಗೆ ಟೇಪು ಸುತ್ತಿದಾಗ. ಮುಂದಿನ ಎರಡು ಟೈರು ಸವೆದವು, ಹಿಂದಿನ ಎರಡು ಹೊಸವು. ಹೊಸ ಟೈರಿನ ಹೂವಿನ (ಟ್ರೆಡ್) ಆಳ 8 ಮಿ.ಮೀ. ಆಸುಪಾಸು, ಸವೆದದ್ದು 3. ತ್ರಿಜ್ಯದಲ್ಲಿ 5 ಮಿ.ಮೀ. ವ್ಯತ್ಯಾಸ ಅಂದರೆ ಕಿಲೋಮೀಟರಿಗೆ ಸುಮಾರು 7 ಸುತ್ತು. ಕಾಚಿಗುಡದಿಂದ ಬೀದರಿಗೆ ಸುಮಾರು 140 ಕಿ.ಮೀ., ನೇರ ರಸ್ತೆಯಲ್ಲೇ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹತ್ತಿರ ಹತ್ತಿರ ಸಾವಿರ ಸುತ್ತು ಹೆಚ್ಚು ತಿರುಗುತ್ತವೆ. ಕ್ಲಚ್‌ಗೆ ಅದು ದಾರಿಯುದ್ದಕ್ಕೂ ಮುಗಿಯದ ಯು-ಟರ್ನ್. ಸುಬಾರು ಕಂಪನಿ ತನ್ನ ಆಲ್-ವ್ಹೀಲ್-ಡ್ರೈವ್ ಗಾಡಿಗಳ ನಾಲ್ಕು ಟೈರುಗಳ ಸುತ್ತಳತೆಯಲ್ಲಿ ಸುಮಾರು 6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು ಎನ್ನುತ್ತದೆ. ತ್ರಿಜ್ಯದಲ್ಲಿ ಅದು ಒಂದೇ ಮಿಲಿಮೀಟರ್. ಎರಡೇ ಟೈರು ಹಾಕಿಸಿ ಹಣ ಉಳಿಸುವ ನಮ್ಮ ರೂಢಿ ಇಂಥ ಗಾಡಿಗೆ ಹೊಂದುವುದಿಲ್ಲ. ಮೇಷ್ಟ್ರಿಗೆ ಇದನ್ನು ಹೇಳಿದಾಗ, "ಟೈರಿಗೂ ಡಿಫ್ರೆನ್ಷಿಯಲ್‌ಗೂ ಏನ್ ಸಂಬಂಧರೀ?" ಎಂದು ಕೇಳಿ, ಲೆಕ್ಕವನ್ನು ತಾವೇ ಮತ್ತೊಮ್ಮೆ ಮಾಡಿ ನೋಡಿದರು. ಗಣಿತದ ಮೇಷ್ಟ್ರು. ಒಪ್ಪಿದರು.

ಎಣ್ಣೆ ಬದಲಿಸುವ ಕ್ರಮ ಸರಳ, ಆದರೆ ಒಂದು ಕಟ್ಟುನಿಟ್ಟು ಇದೆ: ಮೇಲಿನ ತುಂಬುವ ಬೋಲ್ಟ್ ಬಿಚ್ಚಲು ಬರುತ್ತದೆ ಎಂದು ಖಾತ್ರಿಯಾದ ಮೇಲೆಯೇ ಕೆಳಗಿನದನ್ನು ಬಿಚ್ಚಬೇಕು. ಮೇಲಿನದು ತುಕ್ಕು ಹಿಡಿದು ಕೂತಿದ್ದರೆ ಖಾಲಿ ಡಿಫರೆನ್ಷಿಯಲ್ ಇಟ್ಟುಕೊಂಡು ಗಾಡಿ ಅಲ್ಲೇ ನಿಲ್ಲುತ್ತದೆ. ಕೆಳಗಿನಿಂದ ಬಂದ ಎಣ್ಣೆ ಸುಟ್ಟ ವಾಸನೆಯ ಕಪ್ಪು, ಅಂಚಿನಲ್ಲಿ ಹಾಲು ಬೆರೆತಂಥ ಮಬ್ಬು. ಬೋಲ್ಟಿನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನಯವಾದ ಲೇಪವಿತ್ತು, ಚೂರುಗಳಿರಲಿಲ್ಲ. ಲೇಪ ಸಹಜ ಸವೆತ; ಸೂಜಿಯಂಥ, ಪೊರೆಯಂಥ ಚೂರುಗಳು ಸಿಕ್ಕಿದ್ದರೆ ಬಿಚ್ಚಿ ನೋಡಲೇಬೇಕಿತ್ತು. ಹೊಸ ವಾಷರ್ ಹಾಕಿ, ಗಾಡಿಯನ್ನು ಸಮತಟ್ಟಾಗಿಟ್ಟು, ಮೇಲಿನ ತೂತಿನಿಂದ ಹೊರಚೆಲ್ಲುವವರೆಗೆ ತುಂಬಿದರು. ಒಂದು ಲೀಟರಿನ ಆಸುಪಾಸು ಹಿಡಿಯಿತು. ತಯಾರಕರು ಹೇಳಿದ ಎಣ್ಣೆಯೇ ಆಗಬೇಕು. ಕ್ರೌನ್-ಪಿನಿಯನ್ನಿಗೆ ಹಾಕುವ ಗಂಧಕದ ವಾಸನೆಯ ಗಿಯರ್ ಆಯಿಲ್ ಬೇರೆ ಕಡೆ ಉತ್ತಮ, ಆದರೆ ಇಂಥ ಕ್ಲಚ್ ತಟ್ಟೆಗಳಿಗೆ ಅದು ಸಲ್ಲದು.

ಹೊಸ ಎಣ್ಣೆ ತಟ್ಟೆಗಳ ನಡುವೆ ತಾನಾಗಿ ನುಗ್ಗುವುದಿಲ್ಲ. ಆಟೋನಗರದ ಹಿಂದಿನ ಖಾಲಿ ಜಾಗದಲ್ಲಿ ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ ನಿಧಾನವಾಗಿ ಸುತ್ತು, ಆಮೇಲೆ ಎಡಕ್ಕೆ. ಮೊದಲ ಸುತ್ತುಗಳಲ್ಲಿ ನರಳಾಟ ಇತ್ತು, ಆಮೇಲೆ ಬಿಟ್ಟು ಬಿಟ್ಟು ಬಂತು, ಆಮೇಲೆ ನಿಂತಿತು. ಗುಂಯ್ ಸದ್ದು ಬೇರಿಂಗಿನ ಜೊತೆಗೇ ಹೋಗಿತ್ತು. ಎರಡು ಹೊಸ ಟೈರುಗಳಿಗೆ ಜೋಡಿಯಾಗಿ ಅದೇ ಬಗೆಯ ಇನ್ನೆರಡು ಬಂದವು. ನೀರು ಹೊಕ್ಕ ಡಿಫರೆನ್ಷಿಯಲ್ ಆದ್ದರಿಂದ ಮೊದಲ ತುಂಬಿನಲ್ಲೇ ಎಲ್ಲ ತೇವ ಹೊರಬಂದಿರುವುದಿಲ್ಲ. ಸಾವಿರ ಕಿಲೋಮೀಟರ್ ಓಡಿದ ಮೇಲೆ ಎಣ್ಣೆಯನ್ನು ಇನ್ನೊಮ್ಮೆ ಇಳಿಸಿ, ಅಯಸ್ಕಾಂತವನ್ನು ಬಟ್ಟೆಯಿಂದ ಒರೆಸಿ ನೋಡಿ, ಮತ್ತೆ ತುಂಬಬೇಕು ಎಂದು ಉಸ್ತಾದರು ಹೇಳಿದರು. ಬ್ರೀದರಿಗೆ ಒಂದು ರಬ್ಬರ್ ಕೊಳವೆ ಸಿಕ್ಕಿಸಿ ಅದರ ಬಾಯನ್ನು ಡಿಕ್ಕಿಯ ಎತ್ತರಕ್ಕೆ ಕಟ್ಟಿದರು, ಮುಂದಿನ ಮಳೆಗಾಲಕ್ಕೆ.